ಚರಂಡಿಯಾಚೆಯ ದ್ವೀಪ

ಭೂಗೋಳದ ಮೇಷ್ಟ್ರು ಅಂದು ಬೆಳಿಗ್ಗೆ ಮಹಾ ಖುಷಿಯಲ್ಲಿದ್ದರು. ಶಾಲೆಗೆ ಬಣ್ಣ ಬಳಿಯುವವನು ಬಂದಿದ್ದ. ಮೇಷ್ಟ್ರ ತರಗತಿ ಇದ್ದದ್ದು ಶಾಲೆಯ ಪಶ್ಚಿಮದ ಕೊನೆಗೆ, ದೊಡ್ಡ ಕಟ್ಟಡದಿಂದ ಬೇರೆಯಾಗಿ, ಒಂದು ಚರಂಡಿಯ ಆಚೆ. ಅದರ ಗೋಡೆಯ ಮೇಲೆ ತೇವ ಹಬ್ಬಿ ಎಂಥ ಆಕಾರ ಮೂಡಿತ್ತೆಂದರೆ, ಹೊಸದಾಗಿ ಸೇರಿದ ಮಕ್ಕಳು ಇದು ಯಾವ ಖಂಡ ಎಂದು ಕೇಳುತ್ತಿದ್ದರು. ಗೋಡೆ ಒಮ್ಮೆ ಬೆಳ್ಳಗಾದರೆ ಸಾಕು, ಅದರ ತುಂಬ ತಾವೇ ಪ್ರಪಂಚದ ಭೂಪಟ ಬರೆಯಬೇಕೆಂದು ಅವರು ಬಹುಕಾಲದಿಂದ ಆಸೆಪಟ್ಟಿದ್ದರು. ಕುಂಚಗಳನ್ನೂ ತಂದಿಟ್ಟುಕೊಂಡಿದ್ದರು.

ಅದೇ ಹುರುಪಿನಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಂಚಿದರು. ಗ್ರಹಚಾರ ವಕ್ಕರಿಸಿದ್ದು ಅಲ್ಲಿಂದ.

ಖಂಡದ ಪೂರ್ವದ ತುದಿ ಯಾವುದು, ಪಶ್ಚಿಮದ ತುದಿ ಯಾವುದು ಎಂಬ ಪ್ರಶ್ನೆಗೆ ಗಣಿತದ ಟೀಚರ ಮಗ ಎರಡು ದ್ವೀಪಗಳ ಹೆಸರು ಬರೆದಿದ್ದ. ಮೇಷ್ಟ್ರು ಎರಡಕ್ಕೂ ಸೊನ್ನೆ ಸುತ್ತಿದ್ದರು. ವಿರಾಮದ ಗಂಟೆ ಹೊಡೆಯುತ್ತಲೇ ಗಣಿತದ ಟೀಚರ್ ಪತ್ರಿಕೆ ಹಿಡಿದು ಸ್ಟಾಫ್ ರೂಮಿಗೆ ಬಂದರು. ದ್ವೀಪಗಳು ಖಂಡಕ್ಕೆ ಸೇರಿದವಲ್ಲದೆ ಸಮುದ್ರ ಯಾರಿಗೋ ಬಾಡಿಗೆಗೆ ಕೊಟ್ಟವೇ ಎಂದು ಕೇಳಿದರು. ಡ್ರಿಲ್ ಮೇಷ್ಟ್ರು ತೀರ್ಪು ಹೇಳಲೆಂದು ಅಟ್ಲಾಸ್ ತೆಗೆದು, ಅದನ್ನು ತಲೆಕೆಳಗಾಗಿ ಹಿಡಿದು, ಇಬ್ಬರೂ ತಪ್ಪು ಎಂದರು. ಗದ್ದಲ ಕೇಳಿ ಹೆಡ್ ಮೇಡಂ ಬಂದರು.

"ನೀವೇ ಹೇಳಿ ಮೇಷ್ಟ್ರೇ, ಯಾವುದು ಸರಿ?"

"ಒಂದಕ್ಕೊಂದು ಅಂಟಿಕೊಂಡಿರೋ ನೆಲ ಮಾತ್ರ ಲೆಕ್ಕ ಮೇಡಂ," ಎಂದರು ಭೂಗೋಳದ ಮೇಷ್ಟ್ರು ಗತ್ತಿನಿಂದ. "ನೀರು ದಾಟಿ ಹೋಗ್ಬೇಕಾದ್ದನ್ನೆಲ್ಲ ಸೇರಿಸ್ತಾ ಹೋದ್ರೆ ತುದಿ ಅನ್ನೋದೇ ಇರೋದಿಲ್ಲ."

ಹೆಡ್ ಮೇಡಂ ಮುಖ ಅರಳಿತು. ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ ಎಂದು ಹೊಗಳಿ ಸರಸರ ಹೊರಗೆ ಹೋದರು. ಎರಡು ಸೊನ್ನೆಗೆ ಇಷ್ಟು ಸಂತೋಷವೇಕೆಂದು ಮೇಷ್ಟ್ರಿಗೆ ಹೊಳೆಯಲಿಲ್ಲ.

ಹೊಳೆದದ್ದು ಮಧ್ಯಾಹ್ನ. ಬಣ್ಣದವನು ಪೂರ್ವದ ಕೋಣೆಯಿಂದ ಶುರುಮಾಡಿ ದೊಡ್ಡ ಕಟ್ಟಡದ ಕೊನೆಗೆ ಬಂದವನೇ ಕೈ ತೊಳೆದುಕೊಳ್ಳತೊಡಗಿದ. ಮೇಷ್ಟ್ರು ಓಡಿ ಬಂದು, ತಮ್ಮ ಕೋಣೆ ಉಳಿಯಿತಲ್ಲ ಎಂದರು.

"ಎಲ್ಲಾದಕ್ಕೂ ಬಣ್ಣ ಸಾಲಲ್ಲ ಅಂತ ಬೆಳಿಗ್ಗೇನೆ ಮೇಡಂಗೆ ಹೇಳಿದ್ದೆ ಸಾರ್. ಯಾವ ಕೋಣೆ ಬಿಡೋದು ಅಂತ ಪಾಪ ಒದ್ದಾಡ್ತಿದ್ರು. ಆಮೇಲೆ ಬಂದು, ಪೂರ್ವದ ತುದಿಯಿಂದ ಪಶ್ಚಿಮದ ತುದಿವರೆಗೆ ಬಳಿ, ಚರಂಡಿ ದಾಟ್ಬೇಡ ಅಂದ್ರು."

ಮೇಷ್ಟ್ರು ಬಗ್ಗಿ ಡಬ್ಬದೊಳಗೆ ಇಣುಕಿದರು. ಬಣ್ಣದವನ ಅಂದಾಜು ಮೀರಿ ಒಂದು ಕೋಣೆಗಾಗುವಷ್ಟು ಬಣ್ಣ ಉಳಿದಿತ್ತು. ಅವರು ನೆಟ್ಟಗೆ ಹೆಡ್ ಮೇಡಂ ಕೋಣೆಗೆ ಹೋದರು. ಅಲ್ಲಿ ಗಣಿತದ ಟೀಚರ್ ಕೂಡ ಕುಳಿತಿದ್ದರು. ಆದರೂ ನಾಚಿಕೆ ಬಿಟ್ಟು, ಮತ್ತೆ ಯೋಚಿಸಿ ನೋಡಿದೆ, ದ್ವೀಪಗಳನ್ನೂ ಸೇರಿಸುವುದೇ ನ್ಯಾಯ ಎಂದರು. ಗಣಿತದ ಟೀಚರ್ ಅಲ್ಲಿಯೇ ಪತ್ರಿಕೆ ಮುಂದಿಟ್ಟು ಮಗನ ಎರಡು ಸೊನ್ನೆಗಳನ್ನೂ ಹೊಡೆದುಹಾಕಿಸಿದರು. ತಮ್ಮ ಗೋಡೆಗಾಗಿ ಮೇಷ್ಟ್ರು ಅದನ್ನೂ ಸಹಿಸಿಕೊಂಡರು.

"ಸರಿ, ದ್ವೀಪ ಸೇರಿಸೋಣ," ಎಂದರು ಹೆಡ್ ಮೇಡಂ.

"ಎರಡೂ ಕಡೆ ಸೇರಿಸ್ಬೇಕಲ್ವಾ ಮೇಡಂ?" ಎಂದರು ಗಣಿತದ ಟೀಚರ್ ಮೆತ್ತಗೆ. "ಪೂರ್ವದಲ್ಲಿ ನೀರಿನ ತೊಟ್ಟಿ ಆಚೆ ಸೈಕಲ್ ಶೆಡ್ ಇದೆ. ಬಣ್ಣ ಶುರುವಾಗ್ಬೇಕಾದ್ದು ಪೂರ್ವದ ತುದಿಯಿಂದ ತಾನೇ?"

ಹೆಡ್ ಮೇಡಂ ತಲೆಯಾಡಿಸಿ, ಮೊದಲು ಶೆಡ್ಡಿಗೆ, ಆಮೇಲೆ ಬಣ್ಣ ಉಳಿದರೆ ಮೇಷ್ಟ್ರ ಕೋಣೆಗೆ ಎಂದು ಬಣ್ಣದವನಿಗೆ ಹೇಳಿಕಳಿಸಿದರು.

ಸಂಜೆಯವರೆಗೂ ಅವರು ತಮ್ಮ ಕೋಣೆಯಲ್ಲಿ ಕುಳಿತು ದ್ವೀಪ ಬರೆದ ಮಕ್ಕಳಿಗೆಲ್ಲ ಅಂಕ ಕೊಡುತ್ತಿದ್ದರು. ಗೋಡೆಯ ಖಂಡದಿಂದ ಆಗಾಗ ಒಂದೊಂದು ತುಣುಕು ಗಾರೆ ಪತ್ರಿಕೆಗಳ ಮೇಲೆ ಉದುರುತ್ತಿತ್ತು. ಕಡೆಗೆ ಬಾಗಿಲಲ್ಲಿ ಬಣ್ಣದವನು ಕಾಣಿಸಿಕೊಂಡ. ಹೆಗಲ ಮೇಲೆ ಏಣಿ, ಕೈಯಲ್ಲಿ ಡಬ್ಬ. ಮೇಷ್ಟ್ರಿಗೆ ಹೋದ ಜೀವ ಬಂದಂತಾಗಿ ಎದ್ದು ನಿಂತರು.

"ಶೆಡ್ಡಿಗೆ ಸರಿಹೋಯ್ತು ಸಾರ್, ಡಬ್ಬ ಖಾಲಿ," ಎಂದ ಅವನು. "ಈ ಏಣೀನ ರಾತ್ರಿಗೆ ಇಲ್ಲಿ ಒರಗಿಸ್ಲಾ? ಸ್ಕೂಲಲ್ಲಿ ಬಣ್ಣ ಹಸಿ ಇಲ್ದೇ ಇರೋ ಗೋಡೆ ಇದೊಂದೇ."