ಸಸ್ಪೆಂಡಾದವನ ಸೈಕಲ್ಲು

ಅಳಬೇಕಾದ ಹೊತ್ತಿನಲ್ಲೇ ನಗು ಬರುವಂಥದ್ದು ನಡೆಯುವುದು ನನ್ನ ಹಣೆಬರಹ. ಎಪ್ಪತ್ತರ ದಶಕದಲ್ಲಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದಾಗ ನನ್ನನ್ನು ಇಪ್ಪತ್ತು ದಿನ ಸಸ್ಪೆಂಡ್ ಮಾಡಿದ್ದರು. ಅಷ್ಟು ಕೆಟ್ಟ ದಿನಗಳನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಆದರೆ ಈಗ ನಗು ಬರುವುದೂ ಆ ದಿನಗಳನ್ನು ನೆನೆಸಿಕೊಂಡರೇ.

೧. ನಿಷ್ಠೆ

ಗೇಟಿನ ಪಕ್ಕ ಒಂದು ಗಡಿಯಾರವಿತ್ತು. ಒಳಗೆ ಹೋಗುವವರೆಲ್ಲ ಅದರ ಬಾಯಿಗೆ ತಮ್ಮ ತಮ್ಮ ಕಾರ್ಡು ತುರುಕಿ ಪಂಚ್ ಮಾಡಬೇಕು. ನನ್ನ ಪಕ್ಕದ ಲೇತಿನ ಗೆಳೆಯ ದಿನಾ ಐದು ನಿಮಿಷ ತಡ. ಹಾಗಾಗಿ ನನ್ನದರ ಜೊತೆಗೆ ಅವನ ಕಾರ್ಡನ್ನೂ ನಾನೇ ಪಂಚ್ ಮಾಡಿಬಿಡುತ್ತಿದ್ದೆ. ತಪ್ಪು ಅಂತ ಗೊತ್ತಿತ್ತು, ಅಭ್ಯಾಸವಾಗಿ ಹೋಗಿತ್ತು. ಒಂದು ದಿನ ಹಾಗೇ ಪಂಚ್ ಮಾಡಿ ಒಳಗೆ ಹೋದೆ. ಮಧ್ಯಾಹ್ನವಾದರೂ ಆಸಾಮಿ ಪತ್ತೆಯಿಲ್ಲ. ಅವನು ಭಾವಮೈದುನನ ಮದುವೆಗೆಂದು ಕ್ರಮವಾಗಿ ರಜಾ ಅರ್ಜಿ ಬರೆದುಕೊಟ್ಟು ಊರಿಗೆ ಹೋಗಿದ್ದ. ನನಗೊಂದು ಮಾತು ಹೇಳುವುದನ್ನು ಮಾತ್ರ ಮರೆತಿದ್ದ.

ನನ್ನನ್ನು ಕರೆಸಿದ ಸಾಹೇಬರು ಮೇಜಿನ ಮೇಲೆ ಅವನ ರಜಾ ಅರ್ಜಿ, ಅವನ ಕಾರ್ಡು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡಿದ್ದರು.

"ರಜೆ ಮೇಲಿರೋನು ಬೆಳಿಗ್ಗೆ ಏಳೂವರೆಗೆ ಕೆಲಸಕ್ಕೆ ಹೇಗ್ರೀ ಬಂದ?"

ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಅವನಿಗೆ ಕೆಲಸದ ಮೇಲೆ ತುಂಬಾ ನಿಷ್ಠೆ ಸಾರ್."

ವಿಚಾರಣೆ ಮುಗಿಯುವವರೆಗೂ ಇಬ್ಬರೂ ಗೇಟಿನ ಒಳಗೆ ಕಾಲಿಡಬಾರದು ಎಂದು ಕಾಗದ ಕೊಟ್ಟರು.

೨. ಖಾಕಿ ಬಟ್ಟೆ

ಪರ್ಮನೆಂಟ್ ಕೆಲಸದ ಹುಡುಗ ಅಂತಲೇ ಮಾವ ನನಗೆ ಹೆಣ್ಣು ಕೊಟ್ಟಿದ್ದರು. ಹೆಂಡತಿ ಆಗ ಐದು ತಿಂಗಳ ಬಸುರಿ. ಕೆಲಸ ಹೋಗುವ ಹಾಗಿದೆ ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಮಾರನೆಯ ಬೆಳಿಗ್ಗೆ ಎಂದಿನಂತೆ ಕಾರ್ಖಾನೆಯ ಖಾಕಿ ಬಟ್ಟೆ ತೊಟ್ಟು, ಊಟದ ಡಬ್ಬಿಯ ಚೀಲ ಹ್ಯಾಂಡಲ್ಲಿಗೆ ನೇತುಹಾಕಿ ಹೊರಟೆ. ಕಾರ್ಖಾನೆಯ ತಿರುವಿನಲ್ಲಿ ತಿರುಗದೆ ನೇರ ಉತ್ತರಕ್ಕೆ ತುಳಿದೆ.

ಸ್ವಲ್ಪ ದೂರಕ್ಕೆ ಟಾರು ಮುಗಿದು ಜಲ್ಲಿ ಕೆಮ್ಮಣ್ಣಿನ ರಸ್ತೆ ಶುರುವಾಯಿತು. ಒಂದು ಗಂಟೆ ತುಳಿದರೂ ಎದುರಿಗೆ ಒಂದು ಎತ್ತಿನಗಾಡಿಯೂ ಬರಲಿಲ್ಲ. ಚಕ್ರದ ಕೆಳಗೆ ಜಲ್ಲಿಯ ಕರಕರ ಬಿಟ್ಟರೆ ಸದ್ದಿಲ್ಲ. ದೂರದಲ್ಲಿ ನಂದಿಯ ಕಡೆಯ ಬೆಟ್ಟಗಳು ನೀಲಿಯಾಗಿ ಕಾಣುತ್ತಿದ್ದವು. ಬೇರೆ ಯಾವಾಗಲಾದರೂ ಆಗಿದ್ದರೆ ಖುಷಿಯಲ್ಲಿ ಹಾಡುತ್ತಿದ್ದೆನೋ ಏನೋ. ಆಗ ಮಾತ್ರ ಪ್ರತಿ ಉಬ್ಬಿನಲ್ಲೂ ಮಾವನ ಮುಖವೇ ಕಣ್ಣಮುಂದೆ ಬರುತ್ತಿತ್ತು.

ನೀರು ಕುಡಿಯೋಣವೆಂದು ಒಂದು ಹಳ್ಳಿಗೆ ನುಗ್ಗಿದೆ. ನನ್ನನ್ನು ನೋಡಿದ್ದೇ ತಡ, ಕಟ್ಟೆಯ ಮೇಲಿದ್ದ ಗಂಡಸರೆಲ್ಲ ಎದ್ದು ರಾಗಿ ಹೊಲದೊಳಗೆ ಓಡಿದರು. ಸರ್ಕಾರದವರು ಗಂಡಸರನ್ನು ಹಿಡಿದುಕೊಂಡು ಹೋಗಿ ಮಕ್ಕಳಾಗದ ಆಪರೇಷನ್ ಮಾಡಿಸುತ್ತಾರೆ ಎಂಬ ಭಯ ಆಗ ಹಳ್ಳಿಗಳಲ್ಲೆಲ್ಲ ಇತ್ತು. ನನ್ನ ಮೈಮೇಲೆ ಖಾಕಿ ಬೇರೆ. ಓಡಲಾರದ ಒಬ್ಬ ಮುದುಕ ಮಾತ್ರ ಉಳಿದಿದ್ದ.

"ನಂಗೆ ಎಪ್ಪತ್ತು ವರ್ಸ ಕಣಪ್ಪ. ನನ್ ಕರ್ಕಂಡೋಗಿ ಏನ್ ಮಾಡೀಯ?" ಅಂದ.

ಹಿಂದಿನ ದಿನದಿಂದ ಯಾರ ಹತ್ತಿರವೂ ಬಾಯಿಬಿಡದಿದ್ದ ನಾನು ಆ ಅಪರಿಚಿತನ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಕೆಲಸ ಹೋಗಬಹುದು, ಹೆಂಡತಿಗೆ ಗೊತ್ತಿಲ್ಲ, ಹೆದರಿಕೆಯಾಗುತ್ತಿದೆ ಎಂದೆ. ಮುದುಕ ಪೂರಾ ಕೇಳಿಸಿಕೊಂಡು ಹೊಲದ ಕಡೆ ತಿರುಗಿ ಕೂಗಿದ:

"ಬರ್ರೋ ಈಚೆಗೆ. ಈವಯ್ಯನೂ ನಿಮ್ಮಂಗೇ ಎದ್ರ್ಕಂಡು ಓಡಿ ಬಂದವ್ನೆ."

೩. ಸುಸ್ತು

ಐದನೆಯ ದಿನ ಚೂಪಾದ ಜಲ್ಲಿ ಚುಚ್ಚಿ ಮುಂದಿನ ಚಕ್ರ ಪಂಕ್ಚರ್ ಆಯಿತು. ಹತ್ತು ಮೈಲಿಯಲ್ಲಿ ಒಂದು ಸೈಕಲ್ ಷಾಪಿಲ್ಲ. ನಿರ್ಜನ ರಸ್ತೆಯ ಸುಖ ಏನೆಂದು ಆವತ್ತು ಗೊತ್ತಾಯಿತು. ತಳ್ಳಿಕೊಂಡು ಮನೆ ಸೇರುವ ಹೊತ್ತಿಗೆ ದೀಪ ಹಚ್ಚಿದ್ದರು.

"ಯಾಕ್ರೀ ಇಷ್ಟು ತಡ?" ಅಂದಳು ಹೆಂಡತಿ.

"ಓವರ್‌ಟೈಮ್ ಇತ್ತು. ಸುಸ್ತಾಗಿದೆ."

ಅವಳು ಗಾಳಿಯಿಲ್ಲದ ಚಕ್ರವನ್ನು ನೋಡಿದಳು.

"ಪಾಪ, ಸೈಕಲ್ಲಿಗೂ ಸುಸ್ತಾಗಿದೆ" ಎಂದು ಕೈಕಾಲಿಗೆ ನೀರು ತರಲು ಒಳಗೆ ಹೋದಳು.

ಮರುದಿನ ಡಬ್ಬಿಯ ಚೀಲದಲ್ಲಿ ಕೈಯಾಡಿಸಿದರೆ ಪಂಕ್ಚರ್ ಹಾಕುವ ಸೊಲ್ಯೂಷನ್ನು, ಒಂದಷ್ಟು ಪ್ಯಾಚು ಸಿಕ್ಕವು. ನಾನೇ ಯಾವಾಗಲೋ ಇಟ್ಟು ಮರೆತಿರಬೇಕು ಅಂದುಕೊಂಡೆ. ನನ್ನ ತಲೆ ಆಗ ಅಷ್ಟೇ ಕೆಲಸ ಮಾಡುತ್ತಿತ್ತು.

೪. ಗುಡ್ಡದ ಮೇಲೆ ಶಿಫ್ಟು

ದೊಡ್ಡ ಬೆಟ್ಟಗಳಿಗಿಂತ ಈಚೆಗೆ ಒಂದು ಬೋಳುಗುಡ್ಡವಿತ್ತು. ಎರಡನೆಯ ವಾರ ಸೈಕಲ್ ತಳ್ಳಿಕೊಂಡು ಅದನ್ನು ಹತ್ತಿದೆ. ಮೇಲೆ ಬಂಡೆಯ ನೆರಳಲ್ಲಿ ಖಾಕಿ ತೊಟ್ಟ ಒಬ್ಬ ಡಬ್ಬಿ ಬಿಚ್ಚಿಕೊಂಡು ಕೂತಿದ್ದ. ಅದೇ ನನ್ನ ಗೆಳೆಯ. ಅವನೂ ಮನೆಯಲ್ಲಿ ಹೇಳಿರಲಿಲ್ಲ. ಪೇಟೆಯ ಕಡೆ ಹೋದರೆ ಗುರುತಿನವರು ನೋಡುತ್ತಾರೆಂದು ಅವನಿಗೂ ಹೊಳೆದದ್ದು ಇದೇ ರಸ್ತೆ.

ಮೊದಲು ಚೆನ್ನಾಗಿ ಜಗಳವಾಡಿದೆವು.

"ರಜಾ ಹಾಕಿದೀನಿ ಅಂತ ಒಂದ್ ಮಾತು ಹೇಳಕ್ಕೆ ಏನಾಗಿತ್ತೋ ನಿಂಗೆ?"

"ನಾನು ಮದುವೆ ಊಟ ಮಾಡ್ತಿದ್ದೆ ಗುರು. ನೀನು ನನ್ನನ್ನ ಕೆಲಸಕ್ಕೆ ಹಾಕ್ಬಿಟ್ಟೆ."

ಆಮೇಲೆ ಜಗಳಕ್ಕೂ ಬೇಸರ ಬಂದು ಡಬ್ಬಿ ಹಂಚಿಕೊಂಡು ಉಂಡೆವು. ವಿಚಾರಣೆಯಲ್ಲಿ ಏನಾಗುತ್ತದೋ ಎಂಬ ಚಿಂತೆ ಇಬ್ಬರಿಗೂ ಒಂದೇ. ಅವನ ಕಣ್ಣು ಒದ್ದೆಯಾಗಿದ್ದನ್ನು ನೋಡಿ ನಾನು ಬೆಟ್ಟದ ಕಡೆ ಮುಖ ತಿರುಗಿಸಿದೆ. ಶಿಫ್ಟು ಬಿಡುವ ಹೊತ್ತಿಗೆ ಇಬ್ಬರೂ ನಾವಾಗಿಯೇ ಎದ್ದು, ಡಬ್ಬಿ ಕಟ್ಟಿ, ಸೈಕಲ್ ಹಿಡಿದೆವು. ಅರ್ಧ ಗುಡ್ಡ ಇಳಿದ ಮೇಲೆ ಅವನು ನಿಂತ.

"ನಾಳೆ ನಾನು ಬರೋದು ಐದು ನಿಮಿಷ ಲೇಟಾಗತ್ತೆ ಕಣೋ. ನಂದೂ ಪಂಚ್ ಮಾಡ್ಬಿಡು."

೫. ಕಲೆ

ವಿಚಾರಣೆ ಮುಗಿಯಿತು. ಇನ್ನೊಮ್ಮೆ ಹೀಗಾದರೆ ಮನೆಗೇ ಕಳಿಸುತ್ತೇವೆ ಎಂದು ಬರೆದುಕೊಟ್ಟು ಇಬ್ಬರನ್ನೂ ಒಳಗೆ ಬಿಟ್ಟರು. ಆವತ್ತು ನೇರ ಹೋಗಿ ಲೇತ್ ಚಾಲೂ ಮಾಡಿದೆ. ಎಣ್ಣೆ ಅಂಗಿಯ ಮೇಲೆಲ್ಲ ಚಿಮ್ಮಿದರೂ ಒರೆಸಿಕೊಳ್ಳಲಿಲ್ಲ.

ಸಂಜೆ ಮನೆಯಲ್ಲಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ. ಹೆಂಡತಿ ಅದನ್ನು ತೆಗೆದುಕೊಂಡು ಮೂಸಿ ನೋಡಿ ಹೊಸ್ತಿಲ ಹತ್ತಿರ ಕೂತಳು.

"ಕೆಲಸಕ್ಕೆ ವಾಪಸ್ ತಗೊಂಡ್ರಾ?" ಅಂದಳು.

"ಯಾವ ಕೆಲಸ?" ಅಂದೆ ಪೆದ್ದನ ಹಾಗೆ.

"ಮದುವೆ ಆದಾಗ್ಲಿಂದ ನಿಮ್ಮ ಬಟ್ಟೇಲಿ ಎಣ್ಣೆ ಕಲೆ ತಿಕ್ಕಿದೀನಿ. ಇಪ್ಪತ್ತು ದಿನದಿಂದ ಬರೀ ಕೆಮ್ಮಣ್ಣು. ಲೇತ್ ಮೇಲೆ ಕೆಮ್ಮಣ್ಣು ಎಲ್ಲಿಂದ ಬರತ್ತೆ?"

"ಹಾಗಾದ್ರೆ ಆ ಪ್ಯಾಚು..."

"ನಾನೇ ತರಿಸಿಟ್ಟಿದ್ದು. ದಿನಾ ಎಷ್ಟು ದೂರ ಹೋಗ್ತಿದ್ರೋ ಏನೋ."

"ಯಾಕೆ ಕೇಳ್ಲಿಲ್ಲ ನೀನು?"

"ನೀವು ಹೇಳ್ಲಿ ಅಂತ ಕಾದೆ."

ಇಪ್ಪತ್ತು ದಿನ ನಾನೊಬ್ಬನೇ ಹೊತ್ತಿದ್ದೇನೆ ಅಂದುಕೊಂಡ ಚಿಂತೆಯನ್ನು ಅವಳು ಬಸುರಿ ಹೊಟ್ಟೆಯ ಜೊತೆ ಹೊತ್ತಿದ್ದಳು. ನನಗೆ ನಾಚಿಕೆಯಾಗಿ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಅವಳೂ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಅಂಗಿ ತೆಗೆದಾಗ ಕೆನ್ನೆಗೆಲ್ಲ ಎಣ್ಣೆ ಮೆತ್ತಿತ್ತು. ಆಮೇಲೆ ಅದನ್ನು ಬೆಳಕಿಗೆ ಹಿಡಿದು ಕಲೆಗಳನ್ನು ಒಂದೊಂದಾಗಿ ನೋಡಿ ನಿಟ್ಟುಸಿರಿಟ್ಟಳು.

"ಆ ಮಣ್ಣು ನೀರಲ್ಲಿ ಜಾಲಾಡಿದ್ರೆ ಹೋಗ್ತಿತ್ತು ಕಣ್ರೀ. ಹೆರಿಗೆ ಆಗೋವರ್ಗೂ ಸಸ್ಪೆಂಡ್ ಮಾಡಿದ್ರೆ ಅವ್ರ ಗಂಟೇನು ಹೋಗ್ತಿತ್ತು?"