ಉಳಿಗೆ ಹೂವು ಹಾಕಿದ ಕೇಸು

ಓದುವ ಎಲ್ಲರಿಗೂ ನಮಸ್ಕಾರ. ನಾನು ಮದುವೆಯಾದ ಮೇಲೆ ಹತ್ತನೇ ಕ್ಲಾಸು ಕಟ್ಟಿ ಪಾಸಾದವನು. ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದೇನೆ, ಒತ್ತು ದೀರ್ಘ ಎಲ್ಲಾದರೂ ಜಾರಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಪ್ಪನನ್ನು ನೋಡಿಕೊಳ್ಳದ ಮಕ್ಕಳ ಮೇಲೆ ಕೇಸು ಬೀಳುತ್ತದೆ ಎಂದು ಈಗ ಎಲ್ಲರಿಗೂ ಗೊತ್ತು. ಜಾಸ್ತಿ ನೋಡಿಕೊಂಡವನ ಮೇಲೂ ಬೀಳುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಸಾಕ್ಷಿ ಅಷ್ಟೇ ಅಲ್ಲ, ಎದುರುದಾರ ಕೂಡ.

ನಾವು ಅರಕೆರೆ ಕಡೆಯ ಬಡಗಿಗಳು. ನಮ್ಮಪ್ಪ ಮನೆಯನ್ನೂ ಪಕ್ಕದ ಮರಗೆಲಸದ ಶೆಡ್ಡನ್ನೂ ನನ್ನ ಹೆಸರಿಗೆ ದಾನಪತ್ರ ಮಾಡಿಕೊಟ್ಟರು. ಕೊನೆವರೆಗೂ ಚೆನ್ನಾಗಿ ನೋಡಿಕೊಳ್ಳಬೇಕು ಅನ್ನುವುದೊಂದೇ ಷರತ್ತು. ನಾನು ಆ ಷರತ್ತನ್ನು ಬಹಳ ಮನಸ್ಸಿಟ್ಟು ಪಾಲಿಸಿದೆ, ಅದೇ ತೊಂದರೆಯಾಯಿತು. ಅಪ್ಪನಿಗೆ ಕೈ ನಡುಗುತ್ತದೆ. ಉಳಿ ಹಿಡಿದು ಹೆಬ್ಬೆರಳು ಕೊಯ್ದುಕೊಂಡರು. ಸಾಕು ಬಿಡಿ ಅಂದರೆ ಕೇಳುವ ಜನ ಅಲ್ಲ. ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಪೂಜೆಗಿಟ್ಟ ಹತಾರವನ್ನು ಮನೆಯ ಯಜಮಾನ ಆರತಿ ಎತ್ತಿ ಕದಲಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ದಾನಪತ್ರವಾದ ಮೇಲೆ ಯಜಮಾನ ನಾನೇ ಅಲ್ಲವೇ? ನನ್ನ ಹತಾರ ಕದಲಿಸಿದೆ, ಅಪ್ಪನದನ್ನು ಹಾಗೇ ಬಿಟ್ಟೆ. ದಿನಾ ಎರಡು ಹೂವು ಏರಿಸುತ್ತಿದ್ದೆ. ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ.

"ಯಾವಾಗ್ಲಾ ಕದಲ್ಸೋದು?" ಅಂತ ಅಪ್ಪ ಕೇಳೋರು.

"ಒಳ್ಳೇ ದಿನ ನೋಡ್ತಾವ್ನಿ ಕಣಪ್ಪ," ಅನ್ನುತ್ತಿದ್ದೆ.

ಒಳ್ಳೇ ದಿನ ಬರುವ ಮುಂಚೆ ನೋಟೀಸು ಬಂತು. ದಾನಪತ್ರ ರದ್ದು ಮಾಡಿ ಮನೆ, ಶೆಡ್ಡು ವಾಪಸ್ ಕೊಡಿಸಿ ಎಂದು ಅಪ್ಪನ ಅರ್ಜಿ. ಶ್ರೀರಂಗಪಟ್ಟಣವಾಗಲಿ ಕೆ.ಆರ್. ಪೇಟೆಯಾಗಲಿ ನಾಗಮಂಗಲವಾಗಲಿ, ಮಕ್ಕಳ ಮೇಲೆ ಮುನಿದ ಹಿರಿಯರೆಲ್ಲ ಪಾಂಡವಪುರದ ಉಪವಿಭಾಗಾಧಿಕಾರಿಗಳ ಒಂದೇ ಕಚೇರಿಗೆ ಬರಬೇಕು. ಅಪ್ಪನಿಗೆ ಒಬ್ಬರೇ ಬಸ್ಸು ಹತ್ತಲಾಗದು. ಹಾಗಾಗಿ ನನ್ನ ಮೇಲಿನ ಕೇಸಿಗೆ ಅವರನ್ನು ಕೈ ಹಿಡಿದು ಹತ್ತಿಸಿ, ಕಿಟಕಿ ಸೀಟು ಕೊಡಿಸಿ, ಕರೆದುಕೊಂಡು ಹೋದವನೂ ನಾನೇ.

ಕಚೇರಿಯ ಬೆಂಚಿನಲ್ಲಿ ಬೂಕನಕೆರೆಯ ಯಜಮಾನರೊಬ್ಬರು ಕೂತಿದ್ದರು. "ನಿಮ್ಮ ಮಗ ಏನ್ಮಾಡ್ದ?" ಅಂತ ಅಪ್ಪನನ್ನು ವಿಚಾರಿಸಿದರು.

"ಹೂವು ಹಾಕ್ಬುಟ್ಟ."

"ಬದುಕಿರೋವಾಗ್ಲೇಯಾ?"

"ನಂಗಲ್ಲ, ನನ್ನ ಉಳಿಗೆ."

ಆ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸ್ವಲ್ಪ ಆಚೆ ಸರಿದು ಕೂತರು.

ಒಳಗೆ ಅಧಿಕಾರಿ ಮೇಡಂ ಕೇಳಿದರು, "ಯಜಮಾನ್ರೇ, ಮಗ ಊಟ ಹಾಕಲ್ವಾ?"

"ಹಾಕ್ತಾನೆ ಕಣವ್ವ. ಬ್ಯಾಡ ಅಂದ್ರೂ ಇನ್ನೊಂದು ಮುದ್ದೆ ಇಕ್ತಾನೆ."

"ಬಟ್ಟೆ? ಔಷಧಿ?"

"ಎಲ್ಲಾ ಕೊಡ್ತಾನೆ. ಕೆಲ್ಸ ಕೊಡಕಿಲ್ಲ. ದೇವ್ರು ಕೂರ್ಸ್ದಂಗೆ ಕೂರ್ಸವ್ನೆ. ಜೀವ ಇರೋನ್ಗೆ ಕೈಗೊಂದು ಕೆಲ್ಸ ಬ್ಯಾಡ್ವಾ?"

ಮೇಡಂ ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು ಕಾನೂನು ಪುಸ್ತಕ ತಿರುವಿದರು. ಅದರಲ್ಲಿ ಊಟ, ಬಟ್ಟೆ, ಮನೆ, ಔಷಧಿ ಎಲ್ಲ ಇದ್ದವು, ಉಳಿ ಇರಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಮೇಡಂ ಕನ್ನಡಕ ತೆಗೆದು ನನಗೇ ಹೇಳಿದರು, "ನೋಡಿ, ಷರತ್ತು ಇರೋದು ಚೆನ್ನಾಗಿ ನೋಡ್ಕೋಬೇಕು ಅಂತ. ಚೆನ್ನಾಗಿದೆ ಅಂತ ಹೇಳಬೇಕಾದೋರು ನೀವಲ್ಲ, ಅವರು. ಮೊದಲು ಅದನ್ನ ಕದಲಿಸಿ. ಮುಂದಿನ ತಾರೀಖಿಗೆ ಬಂದು ಏನಾಯ್ತು ಅಂತ ಹೇಳಿ."

ಮನೆ ಉಳಿಯಬೇಕಲ್ಲ, ಆ ಸಂಜೆಯೇ ಕದಲಿಸಿದೆ. ಅಪ್ಪ ನಡುಗುವ ಕೈಯಲ್ಲೇ ಒಂದು ಸ್ಟೂಲು ಮಾಡಿದರು. ಬೆರಳು ಉಳಿಯಿತು, ಸ್ಟೂಲು ಮಾತ್ರ ಕುಂಟುತ್ತದೆ. "ಒಂದು ಕಾಲು ಚೂರು ಕೆತ್ತಿದ್ರೆ ಸರೋಯ್ತದೆ" ಅಂತಾಳೆ ನನ್ನ ಹೆಂಡತಿ. ಅರ್ಜಿದಾರರ ಕೈಕೆಲಸ ತಿದ್ದಿದರೆ ಅದಕ್ಕೆ ಯಾವ ಕಲಂ ಬೀಳುತ್ತದೋ ಎಂದು ನಾನು ಮುಟ್ಟಿಲ್ಲ.

"ಇನ್ನಾದ್ರೂ ಕೇಸು ವಾಪಸ್ ತಗಳಪ್ಪ," ಎಂದು ಕೇಳಿಕೊಂಡೆ.

"ಇರ್ಲಿ ಬುಡ್ಲಾ. ಅದು ಅಲ್ಲಿದ್ರೆ ನಿಂಗೂ ಗ್ಯಾನ ಇರ್ತದೆ. ತಾರೀಖಿನ ದಿನ ಸ್ಟೂಲ್ ತಕಂಡೋಗವ. ಆವಮ್ಮ ಕೂತ್ಕಂಡು ನೋಡ್ಲಿ, ನನ್ನ ಕೈ ಎಂಗದೆ ಅಂತ."

ಬಸ್ಸಿನಲ್ಲಿ ಆ ಸ್ಟೂಲು ಹೊರುವವನು ಎದುರುದಾರನೇ. ಆ ಕಚೇರಿಯ ನೆಲವೂ ಇದರ ಕಾಲಿಗೆ ತಕ್ಕಷ್ಟೇ ಏರುಪೇರಾಗಿರಲಿ ಎಂದು ದಿನಾ ಕರಿಘಟ್ಟದ ದೇವರ ಕಡೆ ತಿರುಗಿ ಕೈ ಮುಗಿಯುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಹೆತ್ತವರು ಹೀಗೆ ಪಾಂಡವಪುರ ತೋರಿಸಿದ್ದರೆ, ಅಲ್ಲಿ ಏನು ಹೇಳಿ ಬಚಾವಾದಿರಿ ಎಂದು ದಯವಿಟ್ಟು ಬರೆಯಿರಿ. ತಾರೀಖಿಗೆ ಮುಂಚೆ ಬರೆದರೆ ಉಪಕಾರವಾಗುತ್ತದೆ.