ಅಗಲನೋಟದ ಲೆನ್ಸು

ಅಶ್ಫಾಕನ ಆ ದಿನದ ಅನರ್ಥಕ್ಕೆಲ್ಲ ಮೂಲ ಒಂದು ಪದ; ಅದೂ ಅವನು ಬಲು ಸಂತೋಷದಿಂದ ಉಚ್ಚರಿಸಿದ ಪದ.

ತುಮಕೂರಿನ ಪೇಟೆಬೀದಿಯಲ್ಲಿ ಅವನದೊಂದು ಸಣ್ಣ ಸ್ಟುಡಿಯೋ. ರೀಲು ಕ್ಯಾಮೆರಾವನ್ನು ಮಾರಿ ಡಿಜಿಟಲ್ ಕ್ಯಾಮೆರಾ ಕೊಂಡಿದ್ದ. ಅದರಲ್ಲಿ ಎಲ್ಲವೂ ಚೆನ್ನ, ದೋಷವೊಂದೇ: ಒಳಗೆ ಚಿತ್ರ ಹಿಡಿಯುವ ಸೆನ್ಸರು ಚಿಕ್ಕದು. ಸೀರೆಯ ಎರಡೂ ಅಂಚನ್ನು ಕತ್ತರಿಸಿ ಒಡಲನ್ನಷ್ಟೇ ಕೈಗೆ ಕೊಡುವ ದರ್ಜಿಯಂತೆ ಅದು ಪ್ರತಿ ಚಿತ್ರದ ಅಕ್ಕಪಕ್ಕವನ್ನು ತೆಗೆದು ನಡುಭಾಗವನ್ನು ಮಾತ್ರ ದಯಪಾಲಿಸುತ್ತಿತ್ತು. ಇಕ್ಕಟ್ಟಾದ ಮನೆಗಳಲ್ಲಿ ಬಂಧುವರ್ಗವನ್ನೆಲ್ಲ ಹಿಡಿಸುವ ಪ್ರಯತ್ನದಲ್ಲಿ ಅಶ್ಫಾಕ ಹಿಂದೆ ಹಿಂದೆ ಸರಿದು, ಒಮ್ಮೆ ಬಚ್ಚಲ ಹಂಡೆಯ ಮೇಲೆ ಆಸೀನನಾದದ್ದೂ ಉಂಟು.

ಗುಬ್ಬಿಯ ವೆಂಕಟೇಶಯ್ಯನವರ ಮಗ ಗುರುಪ್ರಸಾದನ ನಿಶ್ಚಿತಾರ್ಥದಲ್ಲಂತೂ ವೆಂಕಟೇಶಯ್ಯನವರ ತಂಗಿ ವನಜಮ್ಮನ ಮುಖ ಅರ್ಧವೇ ಬಂದಿತ್ತು. "ತವರುಮನೇಲಿ ನಂಗೆ ಇಷ್ಟೇನಾ ಜಾಗ?" ಎಂದು ಆಕೆ ಆಲ್ಬಂ ಮುಚ್ಚಿದವರು ಮತ್ತೆ ತೆರೆದಿರಲಿಲ್ಲ.

ಈಗ ಅದೇ ಮನೆಯಲ್ಲಿ ವೆಂಕಟೇಶಯ್ಯನವರ ತಾಯಿ ಸರಸ್ವತಮ್ಮನವರಿಗೆ, ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಸಹಸ್ರಚಂದ್ರದರ್ಶನ ಶಾಂತಿ. ಸಾವಿರ ಚಂದ್ರರನ್ನು ಕಂಡ ಆ ಕಣ್ಣಿಗೆ ಈಚೆಗಷ್ಟೇ ಪೊರೆಯ ಆಪರೇಷನ್ ಆಗಿತ್ತು. ಫ್ಲಾಶಿನ ಬೆಳಕು ಬೀಳಕೂಡದು. ಕತ್ತಲ ನಡುಮನೆ, ಫ್ಲಾಶ್ ಇಲ್ಲ, ಇಡೀ ಬಳಗ ಒಂದೇ ಚಿತ್ರದಲ್ಲಿ ಬರಬೇಕು. ಬಂದರೆ ಗುರುಪ್ರಸಾದನ ಮದುವೆಯ ಕೆಲಸ ಅಶ್ಫಾಕನಿಗೆ, ಬಾರದಿದ್ದರೆ ಬೇರೆಯವರಿಗೆ. ವನಜಮ್ಮನ ಆಗ್ರಹ ಅದು.

ಇಂಥ ಕ್ಯಾಮೆರಾಗಳಿಗೆಂದೇ, ಮಂದ ಬೆಳಕಿನಲ್ಲೂ ಕೆಲಸ ಮಾಡುವ ಅಗಲನೋಟದ ಹೊಸ ಜೂಮ್ ಲೆನ್ಸೊಂದು ಬರಲಿದೆಯೆಂದು ಸೈಬರ್ ಸೆಂಟರಿನಲ್ಲಿ ಓದಿದಂದಿನಿಂದ ಅಶ್ಫಾಕ ಗ್ರಹಣಮೋಕ್ಷಕ್ಕೆ ಕಾಯುವ ವ್ರತಿಯಂತೆ ಕಾದಿದ್ದ. ಶಾಂತಿಯ ದಿನ ಬೆಳಗ್ಗೆ ಬೆಂಗಳೂರಿನ ಅಂಗಡಿಯವನಿಂದ ಫೋನ್ ಬಂದಿತು. ಬೀದಿಯ ಗದ್ದಲದಲ್ಲಿ ಅಶ್ಫಾಕ ಗಟ್ಟಿಯಾಗಿ ಮಾತನಾಡಿದ:

"ಲೆನ್ಸ್ ಬಸ್ಸಲ್ಲಿ ಕಳಿಸಿದೀರಾ? ಅಲ್ಲಾ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ಇವತ್ತೇ ಹಾಕ್ಬೇಕು ಸಾರ್. ಹಳೇದ್ರಲ್ಲಿ ಅಕ್ಕಪಕ್ಕ ಏನೂ ಕಾಣಲ್ಲ. ಸ್ವಲ್ಪ ಕತ್ತಲಾದ್ರೆ ಮುಗೀತು, ಎದುರಿಗಿರೋರೂ ಕಾಣಲ್ಲ."

ಸ್ಟುಡಿಯೋದ ಮೆಟ್ಟಿಲ ಮೇಲೆ ಹೂ ಕಟ್ಟುತ್ತಿದ್ದ ಪುಟ್ಟಗಂಗಮ್ಮನ ಕೈ ನಿಂತಿತು. ಆಕೆಯ ನಿಘಂಟಿನಲ್ಲಿ ಲೆನ್ಸು ಎಂಬುದಕ್ಕೆ ಒಂದೇ ಅರ್ಥ: ಪೊರೆ ತೆಗೆದ ಕಣ್ಣಿನೊಳಗೆ ಡಾಕ್ಟರು ಕೂರಿಸುವಂಥದು. ಅವಳ ಗಂಡನಿಗೂ ಹಾಕಿದ್ದರು.

ಸುದ್ದಿ ಬೀದಿಯ ಆ ತುದಿಯನ್ನು ಮುಟ್ಟುವಷ್ಟರಲ್ಲಿ ಪಾಠಾಂತರಗಳು ಹುಟ್ಟಿದ್ದವು. ಒಂದು ಪಾಠದಲ್ಲಿ ಎಡಗಣ್ಣು ಹೋಗಿತ್ತು, ಇನ್ನೊಂದರಲ್ಲಿ ಎರಡೂ. ಟೀ ಅಂಗಡಿಯ ನರಸಯ್ಯನು ಇದಕ್ಕೆ ಭಾಷ್ಯವನ್ನೂ ಬರೆದ: "ಒಂದು ಕಣ್ಣು ಮುಚ್ಕೊಂಡು ಫೋಟೋ ತೆಗೀತಿದ್ದ ನೋಡು, ಅದು ಅಭ್ಯಾಸ ಅಲ್ಲ ಕಣಪ್ಪ. ಆ ಕಣ್ಣು ಆಗ್ಲೇ ಹೋಗಿತ್ತು."

ಸ್ವಲ್ಪ ಹೊತ್ತಿಗೆ ಅಶ್ಫಾಕನ ತಾಯಿ ಮಸ್ತಾನ್ ಬೀ ಗುಲಾಬ್‌ ಜಲದ ಸೀಸೆಯೊಡನೆ ಅಳುತ್ತ ಬಂದರು. "ಹೆತ್ತ ತಾಯಿಗೆ ಹೇಳ್ಬಾರ್ದೇನೋ ಬೇಟಾ?" ಎನ್ನುತ್ತ ಮಗನ ತಲೆ ಹಿಂದಕ್ಕೆ ಬಾಗಿಸಿ ಎರಡೂ ಕಣ್ಣಿಗೆ ಸುರಿದರು. ಉರಿಯಿಂದ ಕಣ್ಣುಜ್ಜುತ್ತ ಅವನು ಬಾಗಿಲಿಗೆ ಬಂದಾಗ, ನೆರೆದ ಜನಕ್ಕೆ ಉಳಿದಿದ್ದ ಸಂಶಯವೂ ಪರಿಹಾರವಾಯಿತು.

ಅಷ್ಟರಲ್ಲಿ ವೆಂಕಟೇಶಯ್ಯನವರ ಫೋನು. ಶಾಂತಿಗೆ ಹೂವಿನೊಡನೆ ಸುದ್ದಿಯನ್ನೂ ಒಯ್ದವರು ಪುಟ್ಟಗಂಗಮ್ಮನ ಕಡೆಯವರೇ.

"ಬೇಜಾರು ಮಾಡ್ಕೋಬೇಡಪ್ಪ ಅಶ್ಫಾಕ್. ನೀನು ರೆಸ್ಟ್ ತಗೋ. ಇಲ್ಲೇ ಬೇರೆ ಯಾರನ್ನಾದ್ರೂ ಕರೀತೀವಿ."

"ಅಯ್ಯೋ, ಏನೂ ಆಗಿಲ್ಲ ಸ್ವಾಮಿ. ಲೆನ್ಸ್ ಹಾಕ್ಕೊಂಡು ಮಧ್ಯಾಹ್ನ ಬಂದ್ಬಿಡ್ತೀನಿ."

"ಹಾಕ್ಕೊಂಡ ದಿನಾನೇ ಬರೋದಾ? ನಮ್ಮಮ್ಮಂಗೆ ಒಂದು ತಿಂಗಳು ತಲೆಗೆ ನೀರು ಹಾಕಿರ್ಲಿಲ್ಲ."

"ಕಣ್ಣಿಗಲ್ಲ ಸ್ವಾಮಿ, ಕ್ಯಾಮೆರಾಕ್ಕೆ" ಎಂದು ಅಶ್ಫಾಕ ಹೇಳುವಷ್ಟರಲ್ಲಿ ಅತ್ತ ಮಂಗಳವಾದ್ಯ ಮೊಳಗಿ ಮಾತು ಮುಳುಗಿಹೋಯಿತು.

ಇನ್ನು ಗುಬ್ಬಿಗೆ ಹೋಗಿ ಪ್ರತ್ಯಕ್ಷಪ್ರಮಾಣವನ್ನೇ ಒದಗಿಸುವುದೆಂದು ಅವನು ಕ್ಯಾಮೆರಾ ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ಹೊರಟ. ಪುಟ್ಟಗಂಗಮ್ಮ ಬಿಡಲಿಲ್ಲ. ಅವನ ಕೈ ಹಿಡಿದು, ಎಡಗೈಯಲ್ಲಿ ಲಾರಿಗಳನ್ನು ತಡೆಯುತ್ತ ರಸ್ತೆ ದಾಟಿಸಿದಳು. ಬಸ್‌ಸ್ಟ್ಯಾಂಡಿನಲ್ಲಿ ಪಾರ್ಸಲ್ ಕೈಸೇರಿದಾಗ ಅಶ್ಫಾಕ ಅದನ್ನು ಎದೆಗವಚಿಕೊಂಡ.

"ಇದ್ನ ಡಾಕ್ಟ್ರು ಕೈಗೇ ಕೊಡು, ಬೀಳಿಸ್ಗಂಡೀಯ" ಎಂದು ಪುಟ್ಟಗಂಗಮ್ಮ ಅವನನ್ನು ಹಿಂದಿನಿಂದ ತಳ್ಳಿ ಒಂದು ಬಸ್ಸಿಗೆ ಹತ್ತಿಸಿದಳು. "ಕುಣಿಗಲ್‌ನಾಗೆ ಕಣ್ಣಿನ ಕ್ಯಾಂಪು, ಇವತ್ತೇ ಕಡೇ ದಿನ. ಕಂಡಕ್ಟ್ರಣ್ಣಾ, ಪಾಪ ಕಣ್ಣಿಲ್ದೋನು, ಅಲ್ಲೇ ಇಳಿಸ್ಬುಡು."

ಬಸ್ಸು ಹೊರಟಿತು.

"ನಾನು ಗುಬ್ಬಿಗೆ ಹೋಗ್ಬೇಕು, ಇದು ಕುಣಿಗಲ್ ಬಸ್ಸು. ಬೋರ್ಡ್ ಕಾಣ್ತಿದೆ ನಂಗೆ" ಎಂದು ಅಶ್ಫಾಕ ಎದ್ದು ನಿಂತ.

ಕಂಡಕ್ಟರು ಅವನ ಭುಜವನ್ನು ಪ್ರೀತಿಯಿಂದ ಒತ್ತಿ ಕೂರಿಸಿದ. "ಆಪರೇಷನ್ ಅಂದ್ರೆ ಎಲ್ರಿಗೂ ಭಯ ಇರ್ತದೆ ಸಾಬ್ರೇ. ನಮ್ ಮಾವನೂ ಹಿಂಗೇ ಹುಲಿಯೂರುದುರ್ಗದಿಂದ ಬರೋವಾಗ ಎರಡ್ಸಲ ಬಸ್ ಇಳ್ದು ಓಡೋದ್ರು. ಸುಮ್ನೆ ಕೂತ್ಕಳಿ."

ಗೂಳೂರಿನಲ್ಲಿ ಯಾರೋ ಕುರಿ ಹತ್ತಿಸುವ ವಿಷಯದಲ್ಲಿ ಕಂಡಕ್ಟರು ವಾದಕ್ಕಿಳಿದಾಗ ಅಶ್ಫಾಕ ಹಿಂಬಾಗಿಲಿನಿಂದ ಧುಮುಕಿದ. "ಕಣ್ಣಿಲ್ದೋನು ಓಡೋಯ್ತಾವ್ನೆ, ಹಿಡ್ಕಳ್ರಪ್ಪೋ" ಎಂಬ ಕೂಗಿನ ನಡುವೆ ಆಟೋ ಹಿಡಿದು, ಮತ್ತೆ ತುಮಕೂರು ಸೇರಿ, ಗುಬ್ಬಿಯ ಬಸ್ಸೇರಿದ. ಅಲ್ಲಿಗೆ ತಲುಪಿದಾಗ ಪೂರ್ಣಾಹುತಿ ಮುಗಿದು, ಊಟವೂ ಮುಗಿದು, ಬೇರೆ ಫೋಟೋದವನು ಸಿಗದೆ ಬಳಗವೆಲ್ಲ ನಡುಮನೆಯಲ್ಲಿ ಆಕಳಿಸುತ್ತ ಕುಳಿತಿತ್ತು.

ವೆಂಕಟೇಶಯ್ಯನವರು ಹೊಸ್ತಿಲಲ್ಲೇ ಪರೀಕ್ಷೆ ಇಟ್ಟರು. "ಆ ಗೋಡೇಲಿರೋ ಕ್ಯಾಲೆಂಡರ್ ಓದು ನೋಡೋಣ."

ಅಶ್ಫಾಕ ನಿಂತಲ್ಲಿಂದಲೇ ತಿಥಿ, ನಕ್ಷತ್ರ, ರಾಹುಕಾಲಗಳನ್ನೆಲ್ಲ ಪುರೋಹಿತನಿಗಿಂತ ಶುದ್ಧವಾಗಿ ಓದಿದ. ಸಭೆ ತಲೆದೂಗಿತು.

ಪಾರ್ಸಲ್ ಬಿಚ್ಚಿ ಲೆನ್ಸನ್ನು ಕ್ಯಾಮೆರಾಕ್ಕೆ ತಿರುಗಿಸಿ ಕೂರಿಸಿ, ಅವನು ಕಣ್ಣಿಟ್ಟ. ಆಹಾ, ಎಂಥ ವಿಸ್ತಾರ. ನಡುವೆ ಸರಸ್ವತಮ್ಮನವರು, ಸುತ್ತ ಮಕ್ಕಳು, ಮೊಮ್ಮಕ್ಕಳು, ಬೀಗರು. ಎಡತುದಿಯಲ್ಲಿ ಕಂಬ, ಬಲತುದಿಯಲ್ಲಿ ಈ ಸಲ ತಪ್ಪಬಾರದೆಂದು ಸೆಟೆದು ನಿಂತ ವನಜಮ್ಮ. ಫ್ಲಾಶಿಲ್ಲದೆಯೇ ಎಲ್ಲರೂ ದೀಪದಂತೆ ಬೆಳಗಿದರು. ಅವನು ಹಿಂದಕ್ಕೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಮನಸ್ಸಿನಲ್ಲೇ ದೇವರನ್ನು ನೆನೆದು ಗುಂಡಿ ಒತ್ತಿದ.

ಕ್ಯಾಮೆರಾದ ಪರದೆಯ ಮೇಲೆ ಎಲ್ಲರೂ ಬಗ್ಗಿದರು. ಒಬ್ಬರೂ ತಪ್ಪಿರಲಿಲ್ಲ. ಆದರೆ ಅಗಲನೋಟದ ಲೆನ್ಸು ತುದಿಯಲ್ಲಿದ್ದವರನ್ನು ಎಳೆದು ಹಿಗ್ಗಿಸುತ್ತದೆಂಬ ಸೂಕ್ಷ್ಮವನ್ನು ಪರೀಕ್ಷಿಸಲು ಅಶ್ಫಾಕನಿಗೆ ಇಡೀ ದಿನ ಬಿಡುವೇ ಸಿಕ್ಕಿರಲಿಲ್ಲ. ಎಡಗಡೆಯ ಕಂಬ ಮಲಗಲು ಹೊರಟಂತೆ ವಾಲಿತ್ತು. ಬಲಗಡೆಯಲ್ಲಿ ವನಜಮ್ಮ ಉಗ್ರಾಣದ ಬಾಗಿಲನ್ನು ಪೂರ್ತಿ ಆವರಿಸಿದ್ದರು.

ವನಜಮ್ಮ ಬಹಳ ಹೊತ್ತು ನೋಡಿದರು. "ಹೋದ್ಸಲ ಅರ್ಧ ತಿಂದ್ಹಾಕಿದ್ದ. ಈ ಸಲ ಬಡ್ಡಿ ಸೇರಿಸಿ ಎರಡು ಮಾಡಿ ಕೊಟ್ಟಿದಾನೆ."

"ಕ್ಯಾಲೆಂಡರು ಬಾಯಿಪಾಠ ಮಾಡ್ಕೊಂಡು ಬಂದಿರ್ಬೇಕು" ಎಂದರು ವೆಂಕಟೇಶಯ್ಯ, ಖಿನ್ನರಾಗಿ. "ಮದುವೆಗೆ ಬೇರೆಯವರನ್ನೇ ನೋಡೋಣ."

ಅಶ್ಫಾಕ ವಿವರಿಸಲು ಬಾಯಿ ತೆರೆದ. ಅಷ್ಟರಲ್ಲಿ ಸರಸ್ವತಮ್ಮನವರು ಕೈಯೆತ್ತಿದರು.

"ಆ ಹುಡುಗನ್ನ ಬಯ್ಯಬೇಡ್ರೋ. ನಂಗೂ ಲೆನ್ಸ್ ಹಾಕಿದ ಹೊಸದ್ರಲ್ಲಿ ಕಂಬ ಎಲ್ಲ ವಾಲ್ದಂಗೆ ಕಾಣ್ತಿತ್ತು. ಈ ವನಜಾನೂ ಹಿಂಗೇ ಕಾಣ್ತಿದ್ಲು. ಹದಿನೈದು ದಿನಕ್ಕೆ ತಾನೇ ಸರಿಹೋಯ್ತು. ಮದುವೆಗೆ ಇವನೇ ಬರ್ಲಿ, ಅಷ್ಟೊತ್ತಿಗೆ ಹೊಂದ್ಕೊಂಡಿರುತ್ತೆ." ಬಳಿಕ ತಮ್ಮ ಕಪ್ಪು ಕನ್ನಡಕವನ್ನು ತೆಗೆದು ಅವನ ಕೈಗಿತ್ತರು. "ಕಣ್ಣನ್ನ ಬಿಸ್ಲಿಗೆ ಬಿಡ್ಬೇಡಪ್ಪ. ಹಾಕ್ಕೋ."

ಅಶ್ಫಾಕ ಕನ್ನಡಕವನ್ನು ನೋಡಿದ, ವೆಂಕಟೇಶಯ್ಯನವರನ್ನು ನೋಡಿದ. ಸತ್ಯ ನುಡಿದರೆ ಮದುವೆ ಇಲ್ಲ. ಮದುವೆ ಬೇಕಾದರೆ ಕಣ್ಣಿಲ್ಲ. "ಆಗ್ಲಿ ಅಜ್ಜಿ" ಎಂದು ಹಾಕಿಕೊಂಡ.

ಸಂಜೆಗೆ ತುಮಕೂರಿನ ಬೀದಿಗೆ ಅವನು ಕಪ್ಪು ಕನ್ನಡಕದಲ್ಲಿ ಬಂದಿಳಿದಾಗ ಪುಟ್ಟಗಂಗಮ್ಮ ಎದ್ದು ನಿಂತಳು.

"ಆಯ್ತಾ ಆಪರೇಸನ್ನು?"

"ಆಯ್ತು ಗಂಗಮ್ಮ."

"ದ್ಯಾವ್ರು ದೊಡ್ಡೋನು. ಇನ್ನ ಹದಿನೈದು ದಿನ ನೀನು ಕ್ಯಾಮ್ರಾ ಮುಟ್ಟಂಗಿಲ್ಲ. ಬಂದ್ ಗಿರಾಕಿಗೆಲ್ಲ ನಾನೇ ಯೋಳಿ ವಾಪಸ್ ಕಳ್ಸಿವ್ನಿ. ಮದ್ವೆಯೋರು ಇಬ್ರು ಬಂದಿದ್ರು, ಅವ್ರ್ಗೂವೆ."

ಅಶ್ಫಾಕ ಕನ್ನಡಕ ತೆಗೆದು, ಕ್ಯಾಮೆರಾ ಎತ್ತಿ, ಹೊಸ ಲೆನ್ಸಿನಲ್ಲಿ ಬೀದಿಯನ್ನು ನೋಡಿದ. ಈ ತುದಿಯಿಂದ ಆ ತುದಿಯವರೆಗೆ ಎಲ್ಲವೂ ಹಿಡಿಸಿತ್ತು. ಗಿರಾಕಿ ಒಬ್ಬನೂ ಇರಲಿಲ್ಲ. ಆದರೂ ಆ ಸಂಜೆಯ ಬೆಳಕು ಬಲು ಸೊಗಸಾಗಿತ್ತು.

"ಗಂಗಮ್ಮ, ಹೂವಿನ ಬುಟ್ಟಿ ಹಿಡ್ಕೊಂಡು ನಿಂತ್ಕೊಳ್ಳಿ. ಅಲ್ಲಲ್ಲ, ತುದೀಲಿ ಬೇಡ" ಎಂದ. "ಮಧ್ಯಕ್ಕೆ ಬನ್ನಿ. ಇನ್ನೂ ಮಧ್ಯಕ್ಕೆ."